ಹದಿನಾಲ್ಕು ಅಮಾನತುಗಳು

ಜಂಟಿ ನಿರ್ದೇಶಕ ಚೆನ್ನವೀರಪ್ಪನವರು ಪೆನ್‌ಡ್ರೈವಿನಲ್ಲಿ ಕಳಿಸಿದ ಹಾಜರಾತಿ ತಂತ್ರಾಂಶ ಯಾವ ಕಂಪ್ಯೂಟರಿನಲ್ಲೂ ಓಡುತ್ತದೆ, ಓಡಿಸಲು ಬಾರದವರು ದಡ್ಡರು ಎಂದು ಇಡೀ ಇಲಾಖೆ ನಂಬಿತ್ತು. ಹದಿನಾಲ್ಕು ತಾಲ್ಲೂಕು ಕಚೇರಿಗಳಲ್ಲಿ ಅದು ತೆರೆಯಲೇ ಇಲ್ಲ.

"ತೆರೆಯಲಾರದ ಹದಿನಾಲ್ಕೂ ಗುಮಾಸ್ತರ ಅಮಾನತಿಗೆ ಆದೇಶ ಟೈಪ್ ಮಾಡಿ," ಎಂದರು ಸಾಹೇಬರು.

ಹಿರಿಯ ಗುಮಾಸ್ತೆ ನೀಲಗಂಗಮ್ಮ ಟೈಪ್ ಮಾಡಿ ತಂದರು. "ಸಹಿಗೆ ಮುಂಚೆ ಒಂದ್ಸಲ ನನ್ನ ಕಂಪ್ಯೂಟರಲ್ಲಿ ತೆರೆದು ತೋರಿಸಿ ಸಾರ್. 'ಅಧಿಕಾರಿಗಳ ಸಮಕ್ಷಮ ತೆರೆಯಿತು' ಅಂತ ಬರೆದುಬಿಟ್ರೆ ಯಾರೂ ಕೋರ್ಟಿಗೆ ಹೋಗಲ್ಲ."

ಸಾಹೇಬರು ನೀಲಗಂಗಮ್ಮನವರ ಮೇಜಿಗೆ ಬಂದು, ಪೆನ್‌ಡ್ರೈವ್ ಚುಚ್ಚಿ ಕ್ಲಿಕ್ಕಿಸಿದರು. ತೆರೆಯಲಿಲ್ಲ. ಪೆನ್‌ಡ್ರೈವ್ ಕಿತ್ತು, ಉಫ್ ಎಂದು ಊದಿ, ಮತ್ತೆ ಚುಚ್ಚಿದರು. ತೆರೆಯಲಿಲ್ಲ.

"ನನ್ನ ರೂಮಲ್ಲಿ ಓಡುತ್ತಲ್ರೀ!"

"ಓಡುತ್ತೆ ಸಾರ್. ಆದೇಶದಲ್ಲಿ ತೆರೆಯಲಾರದ ಹದಿನೈದನೆಯವರ ಹೆಸರಿಗೂ ಜಾಗ ಬಿಟ್ಟಿದ್ದೀನಿ."

ಸಾಹೇಬರು ನೀಲಗಂಗಮ್ಮನವರ ಮುಖವನ್ನೂ ಪರದೆಯನ್ನೂ ಮಿಕಮಿಕ ನೋಡಿ ಆದೇಶ ಹರಿದರು.

ಸಾಹೇಬರು ಪೆನ್‌ಡ್ರೈವಿಗೆ ಹಾಕಿ ಕಳಿಸಿದ್ದು ಪರದೆಯ ಮೇಲಿನ ಐಕಾನ್ ಮಾತ್ರ. ತಂತ್ರಾಂಶವೂ ಅದಕ್ಕೆ ಬೇಕಾದ ಫೈಲುಗಳೂ ಅವರ ಕಂಪ್ಯೂಟರಿನಲ್ಲೇ ಇದ್ದವು.