ಗೆರೆ ಸವೆದ ಬೆರಳು

ನೀಲಕಂಠಪ್ಪನವರು ಪೊಲೀಸ್ ಇಲಾಖೆಯಲ್ಲಿ ಬೆರಳಚ್ಚು ತಜ್ಞರಾಗಿದ್ದು ನಿವೃತ್ತರಾದವರು. ಈಗ ತುಂಗಭದ್ರೆಯ ದಡದ ಒಂದು ಊರಿನಲ್ಲಿ, ರೇಷನ್ ಅಂಗಡಿಯ ಕಟ್ಟೆಯ ಮೇಲೆ ಕೂರುತ್ತಿದ್ದರು.

ದುಡಿದು ದುಡಿದು ಬೆರಳು ಸವೆದವರನ್ನು ಅಂಗಡಿಯ ಬೆರಳಚ್ಚು ಯಂತ್ರ ಗುರುತಿಸುತ್ತಿರಲಿಲ್ಲ. ಹಾಗೆ ಅಕ್ಕಿ ನಿಂತುಹೋದವರು ಅವರ ಬಳಿ ಬರುತ್ತಿದ್ದರು.

ಇಲಾಖೆಗೆ ಹೊಸದಾಗಿ ಸೇರಿದ್ದ ಸುಮಯ್ಯಾ, ನೀಲಕಂಠಪ್ಪನವರ ವಿದ್ಯೆ ಕಲಿಯಲು ಹುಡುಕಿಕೊಂಡು ಬಂದಳು.

ಆ ಬೆಳಿಗ್ಗೆ ಹಾಲಮ್ಮ ಎಂಬ ಮುದುಕಿ ಖಾಲಿ ಚೀಲ ಹಿಡಿದು ನಿಂತಿದ್ದಳು.

“ಅಕ್ಕಿ ಕಂಡು ಎರಡು ತಿಂಗಳಾತು ಸ್ವಾಮಿ. ಅವರಿವರ ಮನೇಲಿ ಕೇಳಿ ತಿಂತೀನಿ.”

“ನೀನೇ ನೋಡು,” ಎಂದು ಗುರುಗಳು ಸುಮಯ್ಯಾಳ ಕೈಗೆ ಭೂತಗನ್ನಡಿ ಕೊಟ್ಟರು.

ಅವಳು ಹೆಬ್ಬೆರಳು ನೋಡಿದಳು. ತೋರುಬೆರಳು, ನಡುಬೆರಳು ನೋಡಿದಳು. ಎಲ್ಲವೂ ಹೊಳೆಯ ಕಲ್ಲಿನಂತೆ ನುಣುಪು.

“ಗೆರೆಯೇ ಉಳಿದಿಲ್ಲ ಸರ್. ಆಗೋದಿಲ್ಲ.”

ಹಾಲಮ್ಮ ಚೀಲ ಮಡಿಚತೊಡಗಿದಳು.

“ಕನ್ನಡಿ ಕೆಳಗಿಡು,” ಎಂದರು ಗುರುಗಳು. “ಅವರನ್ನ ಮಾತಾಡಿಸು.”

ಸುಮಯ್ಯಾ ಪಕ್ಕದಲ್ಲಿ ಕೂತಳು. “ಏನು ಕೆಲಸ ಮಾಡ್ತಿದ್ರಿ ಅಜ್ಜಿ?”

“ಮದುವೆ ಛತ್ರದಾಗ ಪಾತ್ರೆ ತಿಕ್ಕತಿದ್ದೆ ತಾಯಿ. ಇಷ್ಟಗಲ ಹಂಡೇವು! ಹಿಂಗ, ನೋಡು!”

ಹಾಲಮ್ಮ ಹುರುಪಿನಿಂದ ಗಾಳಿಯಲ್ಲೇ ಹಂಡೆ ತಿಕ್ಕತೊಡಗಿದಳು. ನಾಲ್ಕು ಬೆರಳು ಒತ್ತಿ ಉಜ್ಜುತ್ತಿದ್ದವು. ಕಿರುಬೆರಳು ಮಾತ್ರ ತನಗೂ ಈ ಮುಸುರೆಗೂ ಸಂಬಂಧವೇ ಇಲ್ಲವೆಂಬಂತೆ ಮೇಲೆದ್ದು ನಿಂತಿತ್ತು.

ಸುಮಯ್ಯಾ ನಗುತ್ತಾ ಆ ಬೆರಳನ್ನು ಹಿಡಿದುಕೊಂಡಳು. ಗೆರೆಗಳು ಇದ್ದವು!

ಬಿಸಿನೀರಲ್ಲಿ ತೊಳೆದು, ಒರೆಸಿ, ಯಂತ್ರದ ಮೇಲೆ ಇಡಿಸಿದಳು. ಯಂತ್ರ ಕುಂಯ್ ಎಂದಿತು. ಹಸಿರು ದೀಪ ಹತ್ತಿತು. ಚೀಲಕ್ಕೆ ಅಕ್ಕಿ ಬಿತ್ತು.

ಹಾಲಮ್ಮ ಸಾಲಿನಲ್ಲಿದ್ದವರಿಗೆಲ್ಲ ಕಿರುಬೆರಳು ಎತ್ತಿ ತೋರಿಸಿದಳು.

“ಈ ಸೋಮಾರಿ ಒಂದು ದಿನಾನೂ ದುಡೀಲಿಲ್ಲ. ಇವತ್ತು ಇದೇ ಅನ್ನ ತಂತು ನೋಡ್ರಿ!”

ಸಾಲಿಗೆ ಸಾಲೇ ನಕ್ಕಿತು.

“ಸ್ವಾಮಿ, ಈಗಲೇ ಒಲೆ ಹಚ್ಚತೀನಿ. ಇಬ್ಬರೂ ಊಟಕ್ಕೆ ಬರಬೇಕು,” ಎಂದಳು ಹಾಲಮ್ಮ.

ಸುಮಯ್ಯಾಳ ಕಣ್ಣು ತುಂಬಿತ್ತು. “ಸರ್, ಸರ್ವೀಸಿನಲ್ಲಿದ್ದಾಗ ಬೆರಳಚ್ಚು ಹೊಂದಿದಾಗಲೂ ಇಷ್ಟೇ ಖುಷಿ ಆಗ್ತಿತ್ತಾ?”

ಗುರುಗಳು ಚಪ್ಪಲಿ ಮೆಟ್ಟಿಕೊಂಡರು.

“ಆಗ ಅಚ್ಚು ಹೊಂದಿದರೆ ಯಾರನ್ನೋ ಜೈಲಿಗೆ ಕರೀತಿದ್ರು ಮಗಳೇ. ನನ್ನನ್ನ ಊಟಕ್ಕೆ ಕರೆಯೋದು ಈಗ. ಎತ್ತು ಆ ಅಕ್ಕಿ, ಹೋಗೋಣ.”