ಹಲ್ಲಿ ಲೊಚ್ ಎಂದದ್ದು

ಕಾಡಿನ ವಿದ್ವತ್ಸಭೆಯಲ್ಲಿ ಒಂದು ಹಲ್ಲಿ ಇತ್ತು. ಎಂಥ ಹಲ್ಲಿ ಅಂತೀರಿ? ಅದು ಲೊಚಗುಟ್ಟಿದರೆ ಚಂದ್ರನೂ ತನ್ನ ಹುಣ್ಣಿಮೆಯ ಲೆಕ್ಕ ಸರಿಬಂತೆಂದು ನಿಟ್ಟುಸಿರು ಬಿಡುತ್ತಿದ್ದ. ಯಾರು ಏನೇ ಕಂಡುಹಿಡಿಯಲಿ, ಹಲ್ಲಿ ಲೊಚ್ ಎಂದ ಮೇಲೆಯೇ ಅದು ನಿಜವೆಂದು ಕಡತಕ್ಕೇರುತ್ತಿತ್ತು.

ಅಂಥ ಹಲ್ಲಿಗೂ ಆ ಮುಸ್ಸಂಜೆ ಬೆದರಿಕೆ ಬಂದಿತ್ತು. ಸಭಾಪತಿ ಗೂಬೆರಾಯರು ಬಂದು, "ಹಲ್ಲಮ್ಮ, ಇವತ್ತು ನನ್ನ ಸಂಶೋಧನೆ. ನೀನು ಲೊಚ್ ಅನ್ನದಿದ್ದರೆ ನನ್ನ ಊಟಕ್ಕೆ ನೀನೇ," ಎಂದು ಪಿಸುಗುಟ್ಟಿ ಹೋಗಿದ್ದರು.

ಗೂಬೆರಾಯರು ಓದಿದರು: "ನಾವು ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಿದ ಮೂರನೇ ದಿನ ಮಳೆ ಬರುತ್ತದೆ. ಒಂಬತ್ತು ಮಳೆಗಾಲ ಎಣಿಸಿದ್ದೇನೆ."

ಗೂಬೆ ಮೊಟ್ಟೆ ಕಚ್ಚಿಕೊಂಡು ಗೋಡೆ ಹತ್ತಿದ್ದನ್ನು ಕಂಡವರಿಲ್ಲ. ಆದರೂ ಸಭೆಯಲ್ಲಿ ಒಬ್ಬರೂ ನಗಲಿಲ್ಲ.

ಮೂಲೆಯಿಂದ ಒಂದು ಇರುವೆ, "ಸ್ವಾಮಿ, ಅದು ನಾನು ಎಣಿಸಿದ್ದು. ತಿದ್ದಿಕೊಡಿ ಅಂತ ನಿಮ್ಮ ಕೈಗೆ ಕೊಟ್ಟಿದ್ದೆ," ಎಂದಿತು.

"ಯಾರು ಎಣಿಸಿದರೇನು, ಮಳೆ ಬರೋದು ನಿಜ ತಾನೆ?" ಗೂಬೆರಾಯರು ಹಲ್ಲಿಯತ್ತ ಕತ್ತು ತಿರುಗಿಸಿದರು. "ಹೂಂ, ಹಲ್ಲಮ್ಮ."

ಹಲ್ಲಿ ಯೋಚಿಸಿತು. ಮಳೆ ಬರುವುದಂತೂ ನಿಜ. ಈಗ ಲೊಚ್ ಎಂದರೆ ಜೀವವೂ ಉಳಿಯುತ್ತದೆ. ಅದು ಇರುವೆಯನ್ನು ನೋಡಿ, "ಇನ್ನೊಂದು ಸಲ ಹೇಳು ತಾಯಿ," ಎಂದಿತು.

"ಅದು ನಾನು ಎಣಿಸಿದ್ದು."

"ಲೊಚ್," ಎಂದಿತು ಹಲ್ಲಿ.

ಗೂಬೆರಾಯರು ಎರಗಿದರು. ಕೊಕ್ಕಿಗೆ ಸಿಕ್ಕಿದ್ದು ಬರೀ ಬಾಲ. ಕಡತಕ್ಕೆ ಏರಿದ್ದು ಇರುವೆಯ ಹೆಸರು.

ಸಭಾಪತಿಗಳು ಇಂದಿಗೂ ಗೂಬೆರಾಯರೇ. ಅದಕ್ಕೇ ಹಲ್ಲಿ ಸಭೆಗೆ ಹೊರಡುವ ಮುನ್ನ, ಬಾಲ ಮತ್ತೆ ಬೆಳೆದಿದೆಯೇ ಎಂದು ಒಮ್ಮೆ ಹಿಂತಿರುಗಿ ನೋಡಿಕೊಳ್ಳುತ್ತದೆ.