ಜಾಂಬವ್ವನ ಅಂಗಡಿಯ ಬೀಡಿ ಹಲಗೆಗಳು

ಒಂದು ಕಾಡಿನಲ್ಲಿ ಬೇಸಿಗೆ ಬಂತೆಂದರೆ ನೀರು ಉಳಿಯುತ್ತಿದ್ದುದು ಒಂದೇ ಹೊಂಡದಲ್ಲಿ. ಬಾಯಾರಿದವರೆಲ್ಲ ಅಲ್ಲಿಗೇ ಬರಬೇಕು. ಹುಲಿಗೂ ಅದು ಚೆನ್ನಾಗಿ ಗೊತ್ತಿತ್ತು. ಅದಕ್ಕೇ ಅಲ್ಲಿ ಒಂದು ಪದ್ಧತಿ ಬೆಳೆದಿತ್ತು. ದಡದ ಹೊನ್ನೆಮರದ ತುದಿಯಲ್ಲಿ ಕರಿಮೂತಿಯ ಕೋತಿ ಜಾತಿಯ ಒಬ್ಬ ಮುಸುವ ಕಾವಲು ಕೂರುತ್ತಿದ್ದ. ಹುಲಿಯ ಕಿವಿ ಕಂಡರೆ ಸಾಕು, "ಖೊಕ್! ಖೊಕ್!" ಎಂದು ಕಾಡೆಲ್ಲ ಕೇಳುವ ಹಾಗೆ ಕೂಗುತ್ತಿದ್ದ. ಅವನ ಗಂಟಲನ್ನು ನಂಬಿ ಜಿಂಕೆ, ಮೊಲ, ಕಡವೆಗಳು ತಲೆ ತಗ್ಗಿಸಿ ನೀರು ಕುಡಿಯುತ್ತಿದ್ದವು. ತಲೆ ತಗ್ಗಿಸಿದವರಿಗೆ ಹಿಂದೆ ಯಾರು ಬಂದರೆಂದು ಕಾಣುವುದಿಲ್ಲ ನೋಡಿ.

ಆ ವರ್ಷ ಕೂಗುವ ಕೆಲಸ ಜೋಕ ಎಂಬ ಹರೆಯದ ಮುಸುವನಿಗೆ ಬಂತು. ಅವನ ಗಂಟಲು ಅಂತಿಂಥದ್ದಲ್ಲ. ಅವನು ಕೂಗಿದರೆ ಗುಡ್ಡದಾಚೆಯ ನವಿಲೂ ಬೆಚ್ಚಿಬೀಳುತ್ತಿತ್ತು. ಗಿಲಕಿ ಎಂಬ ಜಿಂಕೆ ಹುಡುಗಿ ಅವನ ಗೆಳತಿ. ಗೆಳೆಯನಿಗೆ ಇಂಥ ಕೆಲಸ ಸಿಕ್ಕಿತೆಂದು ಅವಳು ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗಿದಳು.

ಬೇಸಿಗೆ ಇನ್ನೂ ಕಾಲಿಡುತ್ತಿತ್ತು. ಒಂದು ಬೆಳಿಗ್ಗೆ ಜೋಕ ಮರ ಹತ್ತಿ ಕೂಗಿ ನೋಡಿದ. "ಖ್ರ್... ಖ್ರ್..." ಎಂದು ಏನೋ ಕೆರೆದ ಹಾಗೆ ಸದ್ದು ಬಂತು. ಆಮೇಲೆ ಕೆಮ್ಮು. ಕೆಮ್ಮಿ ಕೆಮ್ಮಿ ಕೊಂಬೆಯಿಂದ ಜಾರುವುದೊಂದು ಬಾಕಿ.

"ಏನೋ ಇದು?" ಎಂದಳು ಗಿಲಕಿ.

"ಏನಿಲ್ಲ ಕಣೇ. ಗಂಟಲು ಕಟ್ಟಿದೆ, ಅಷ್ಟೇ."

ಗಿಲಕಿ ಮೂಗು ಅರಳಿಸಿದಳು. ಜಿಂಕೆಯ ಮೂಗಿಗೆ ಮೋಸ ಮಾಡಲಿಕ್ಕಾಗುತ್ತದೆಯೇ? "ಬೀಡಿ ಸೇದಿದ್ದೀಯ!"

"ಸೇದಿದ್ರೆ ಏನೀಗ? ಧೈರ್ಯವಂತರೆಲ್ಲ ಸೇದ್ತಾರೆ. ಜಾಂಬವ್ವನ ಅಂಗಡೀಲಿ ಚಿತ್ರ ನೋಡಿಲ್ವಾ ನೀನು?"

ಗಿಲಕಿ ಬಾಯಿಗೆ ಬಂದಂತೆ ಬೈದಳು. ಜೋಕ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟ. ಮನೆಗೆ ಹೋಗುವಾಗ ಅವಳಿಗೆ ಅವ್ವನದೇ ಚಿಂತೆ. ಹಿಂಡಿನಲ್ಲಿ ಎಲ್ಲರಿಗಿಂತ ಮೊದಲು ನೀರಿಗೆ ಇಳಿಯುವವಳು ಅವಳ ಅವ್ವ. ಈ ಕೆಮ್ಮನ್ನು ನಂಬಿ ಅವ್ವ ತಲೆ ತಗ್ಗಿಸಬೇಕೇ?

ಬೈದು ಪ್ರಯೋಜನವಿಲ್ಲ ಎಂದು ಗಿಲಕಿ ಅಂಗಡಿಯನ್ನೇ ನೋಡಲು ಹೊರಟಳು.

ಜಾಂಬವ್ವ ಎಂಬ ಮುದಿ ಕರಡಿಯ ಅಂಗಡಿ ದಾರಿ ಕೂಡುವಲ್ಲಿತ್ತು. ಜೇನುಹುಟ್ಟು, ನೆಲ್ಲಿಕಾಯಿ, ಎಲಚಿಹಣ್ಣು ಎಲ್ಲವೂ ಅಲ್ಲಿ ಸಿಗುತ್ತಿದ್ದವು. ಜಾಂಬವ್ವ ಒಳ್ಳೆಯವಳೇ. ಆದರೆ ಕಳೆದ ಮಳೆಗಾಲದಲ್ಲಿ ಅವಳ ಅಂಗಡಿಯ ಮೇಲಿನ ಮಾಡು ಕುಸಿದಿತ್ತು. ಆಗ ಗುಡ್ಡದಾಚೆಯಿಂದ ಕಿರುಬಯ್ಯ ಎಂಬ ಕತ್ತೆಕಿರುಬ ಬೀಡಿ ಮಾರಲು ಬಂದಿದ್ದ. ಬಂದವನೇ ಹಲ್ಲು ಕಿರಿದು, "ಅಯ್ಯೋ ತಾಯೀ, ನೀವು ಹೀಗೆ ನೆನೀಬಾರದು. ಮಾಡಿಗೂ ಗೋಡೆಗೂ ನಾನು ಹಲಗೆ ಕೊಡ್ತೀನಿ. ಪುಕ್ಕಟೆ!" ಎಂದಿದ್ದ. ಪುಕ್ಕಟೆ ಎಂದ ಮೇಲೆ ಕೇಳಬೇಕೇ? ಜಾಂಬವ್ವ ಕೈ ಮುಗಿದಿದ್ದಳು.

ಹಲಗೆಯ ಮೇಲೆಲ್ಲ ಚಿತ್ರಗಳು. ಬೀಡಿ ಕಚ್ಚಿ ಬಂಡೆಯ ಮೇಲೆ ನಿಂತ ಮುಸುವ. ಹೊಗೆ ಬಿಡುತ್ತ ಹುಲಿಯನ್ನು ಹೆದರಿಸುವ ಮೊಲ. ಕೆಳಗಿನ ಹಲಗೆಗಳನ್ನು ಕಿರುಬಯ್ಯ ತಾನೇ ನಿಂತು ಹೊಡೆಸಿದ್ದ. ಜೇನಿನ ಪಕ್ಕದಲ್ಲೇ ಬೀಡಿಯ ಕಟ್ಟು ಇಡಿಸಿದ್ದ.

ಗಿಲಕಿ ಮೊಲದ ಮರಿಗಳನ್ನು, ಮುಂಗುಸಿ ಮರಿಗಳನ್ನು, ಒಂದು ಮುಳ್ಳುಹಂದಿ ಮರಿಯನ್ನು ಕರೆದಳು. "ಈ ಹಲಗೆಗಳು ಇಳೀಬೇಕು. ಜೋಕನ್ನ ಕೆಡಿಸಿದ್ದು ಇವೇ," ಎಂದಳು.

"ಇಳಿಸೋಣ ಬಾ!" ಎಂದು ಮರಿಗಳು ಹಾರಿಯೇ ಹಾರಿದವು. ಯೋಚನೆ ಮಾಡುವ ವಯಸ್ಸೇ ಅದು? ಎಲ್ಲರೂ ಸೇರಿ ಒಂದು ಹಲಗೆಯನ್ನು ಹಿಡಿದು ಎಳೆದರು. ಅದು ಮಾಡಿಗೆ ಆಧಾರವಾಗಿದ್ದ ಹಲಗೆ! ಮಾಡು ದಡಾರನೆ ಬಿತ್ತು. ಜೇನು ತುಂಬಿದ್ದ ಸೋರೆಬುರುಡೆಗಳು ಒಡೆದು ನೆಲವೆಲ್ಲ ಅಂಟಂಟಾಯಿತು.

ಜಾಂಬವ್ವ ಗುರ್ರೆಂದು ಬಂದಳು. "ಹಾಳಾದೋರಾ! ಅಂಗಡಿ ಮುರಿಯೋಕೆ ನಾನೇ ಸಿಕ್ಕಿದ್ನಾ?"

ಮರಿಗಳೆಲ್ಲ ಪೊದೆಗೆ ನುಗ್ಗಿದವು. ಗಿಲಕಿ ಮಾತ್ರ ಓಡಲಿಲ್ಲ. "ತಪ್ಪಾಯ್ತು ಅಜ್ಜಿ. ಮುರಿದದ್ದನ್ನ ನಾವೇ ಕಟ್ಟಿಕೊಡ್ತೀವಿ. ಆದ್ರೆ ಒಂದು ಮಾತು ನಡೆಸಿಕೊಡಿ. ಒಂದ್ಸಲ ಇಲ್ಲಿ, ನನ್ನ ಪಕ್ಕ ಮಲಗಿ."

"ಮಲಗಬೇಕಾ? ತಲೆ ಕೆಟ್ಟಿದೆಯಾ ನಿಂಗೆ?"

"ಹೊಟ್ಟೆ ನೆಲಕ್ಕೆ ತಾಗೋ ಹಾಗೆ ಮಲಗಿ ಅಂಗಡಿ ನೋಡಿ ಅಜ್ಜಿ. ಆಮೇಲೆ ಬೇಕಾದಷ್ಟು ಬೈಯಿರಿ."

ಜಾಂಬವ್ವ ಗೊಣಗುತ್ತ, ಸೊಂಟ ಹಿಡಿದುಕೊಂಡು, ಹೇಗೋ ಮಲಗಿದಳು. ಕೆಳಗಿನ ಹಲಗೆಗಳು ಇನ್ನೂ ಗಟ್ಟಿಯಾಗಿ ನಿಂತಿದ್ದವು. ಅವಳು ನೋಡಿದಳು. ಆ ಕಡೆ ತಿರುಗಿದಳು, ಈ ಕಡೆ ತಿರುಗಿದಳು.

"ನನ್ನ ನೆಲ್ಲಿಕಾಯಿ ಎಲ್ಲಿ? ಎಲಚಿಹಣ್ಣೆಲ್ಲಿ?"

"ಮೇಲಿದೆ ಅಜ್ಜಿ. ನಿಮ್ಮ ಕಣ್ಣಿಗೆ ಕಾಣುತ್ತೆ. ಮರಿಗಳಿಗೆ ಕಾಣೋದು ಇಷ್ಟೇ. ಬೀಡಿ, ಬೀಡಿ, ಬೀಡಿ."

ಜಾಂಬವ್ವನ ಕಣ್ಣಲ್ಲಿ ನೀರು ಬಂತು. "ನನ್ನ ಮೊಮ್ಮಗನ ಬಾಯಲ್ಲಿ ಮೊನ್ನೆ ಬೀಡಿ ತುಂಡು ನೋಡಿದೆ ಕಣೇ. ಎಲ್ಲಿ ಕಲಿತ್ಯೋ ಪಾಪಿ ಅಂತ ಅವನಿಗೇ ಬಾರಿಸಿದೆ. ನನ್ನ ಅಂಗಡೀಲೇ ಕಲಿತಿದ್ದಾನೆ," ಎಂದಳು. ಎದ್ದವಳೇ ಕೆಳಗಿನ ಹಲಗೆಗಳನ್ನು ತನ್ನ ಕೈಯಾರೆ ಕಿತ್ತು ಹಾಕಿದಳು.

ಹಲಗೆ ಹೋಯಿತು, ಸರಿ. ಬಿಸಿಲಿಗೆ ಜೇನುಹುಟ್ಟು ಕರಗಬಾರದಲ್ಲ? ಗಿಲಕಿ ಕೊಟ್ಟ ಮಾತು ತಪ್ಪಲಿಲ್ಲ. ಮರಿಗಳು ಬಿದಿರು ಎಳೆದು ತಂದವು. ಮುತ್ತುಗದ ಎಲೆ ಕೊಯ್ದು ತಂದವು. ಮುಳ್ಳುಹಂದಿ ಮರಿ ತನ್ನ ಉದುರಿದ ಮುಳ್ಳುಗಳನ್ನೆಲ್ಲ ಕೊಟ್ಟಿತು. ಊಟದೆಲೆ ಹಚ್ಚುವ ಹಾಗೆ ಎಲೆಗೆ ಎಲೆ ಸೇರಿಸಿ ಮುಳ್ಳಿನಿಂದ ಚುಚ್ಚಿ ಹಚ್ಚಿ, ತಂಪಾದ ಚಪ್ಪರ ಹಾಕಿದವು. ಹಲಗೆಯ ಮಾಡಿಗಿಂತ ಅದೇ ಚಂದ ಕಂಡಿತು. ಜಾಂಬವ್ವ ಎಲಚಿಹಣ್ಣನ್ನು ಕೆಳಗಿನ ಸಾಲಿಗೆ ಇಳಿಸಿದಳು. ಬೀಡಿಯ ಕಟ್ಟನ್ನು ಅಂಗಡಿಯಿಂದಲೇ ಆಚೆಗೆ ಹಾಕಿದಳು.

ಸುದ್ದಿ ಕೇಳಿ ಕಿರುಬಯ್ಯ ಓಡಿ ಬಂದ. ಚಪ್ಪರದ ಕೆಳಗೆ ಕಾಡಿನ ಅರ್ಧ ಮಂದಿ ಸೇರಿದ್ದರು. ಜೋಕನೂ ಒಂದು ಕೊಂಬೆಯ ಮೇಲೆ ಕೂತಿದ್ದ.

"ಏನು ತಾಯೀ ಇದು? ಈ ಚಿಳ್ಳೆಪಿಳ್ಳೆಗಳ ಮಾತು ಕೇಳ್ತೀರಾ? ನಾನು ಯಾರ ಬಾಯಿಗೂ ಬೀಡಿ ತುರುಕಿಲ್ಲ. ಬೇಕಾದ ದೊಡ್ಡವರು ಸೇದ್ತಾರೆ," ಎಂದ.

ಗಿಲಕಿ ಮುಂದೆ ಬಂದಳು. "ದೊಡ್ಡವರಿಗೆ ಅಂತಾದ್ರೆ ಹಲಗೆ ದೊಡ್ಡವರ ಕಣ್ಣಿನ ಎತ್ತರಕ್ಕೆ ಇರಬೇಕಿತ್ತು. ನಮ್ಮ ಎತ್ತರಕ್ಕೆ ಯಾಕೆ ಹೊಡೆಸಿದ್ರಿ?"

ತನ್ನ ಜಾಣತನದ ಮೇಲೆ ಕಿರುಬಯ್ಯನಿಗೆ ಬಹಳ ಹೆಮ್ಮೆ. ಆ ಹೆಮ್ಮೆಯಲ್ಲಿ ನಾಲಿಗೆ ಜಾರಿತು. "ಅಯ್ಯೋ ಪೆದ್ದೀ, ಮುದುಕರು ಕೆಮ್ಮಿ ಕೆಮ್ಮಿ ಸಾಯ್ತಾರೆ. ಎಳೇದನ್ನ ಹಿಡಿದ್ರೆ ಸಾಯೋವರೆಗೂ ನಮ್ಮದೇ..." ಎಂದವನು ಬಾಯಿ ಮುಚ್ಚಿಕೊಂಡ. ಮುಚ್ಚಿ ಏನು ಬಂತು? ಎಲ್ಲರೂ ಕೇಳಿಯಾಗಿತ್ತು.

ಜಾಂಬವ್ವ ಒಂದೇ ಮಾತು ಹೇಳಿದಳು. "ನಿನ್ನ ಹಲಗೆ ಹೊತ್ಕೊಂಡು ನಡಿ."

ಜೋಕನ ಮುಖ ಸಣ್ಣದಾಯಿತು. "ನಾನು ಶೂರ ಅಂತ ಅಂದ್ಕೊಂಡಿದ್ದೆ ಕಣೇ. ಅವನಿಗೆ ನಾನು ಬರೀ ಎಳೇ ಬೇಟೆ," ಎಂದು ಕೊಂಬೆಯಿಂದಿಳಿದು ಗಿಲಕಿಯ ಮುಂದೆ ತನ್ನ ಬಳಿಯಿದ್ದ ಬೀಡಿಯನ್ನು ಕಾಲಲ್ಲಿ ಹೊಸಕಿದ. ಬಿಡುವುದು ಸುಲಭವಾಗಲಿಲ್ಲ. ಅವನ ಕೈ ಬೀಡಿಗಾಗಿ ತಡಕಾಡಿತು. ಸುಮ್ಮಸುಮ್ಮನೆ ಸಿಟ್ಟು ಬಂತು. ಆಗೆಲ್ಲ ಗಿಲಕಿ ಮತ್ತು ಮರಿಗಳು ಅವನನ್ನು ಮರದಿಂದ ಮರಕ್ಕೆ ಓಡಿಸಿ ಆಟವಾಡಿಸಿದರು. ಕೆಟ್ಟ ಚಿತ್ರ ಕಣ್ಣಿಗೆ ಬೀಳದೆ ಹೋದದ್ದರಿಂದ ಆಸೆಯೂ ದಿನದಿಂದ ದಿನಕ್ಕೆ ಕಡಿಮೆಯಾಯಿತು.

ಕಿರುಬಯ್ಯ ಸುಮ್ಮನೆ ಹೋಗುವ ಜಾತಿಯೇ? 'ಅಂಗಡಿಗೆ ಬರದಿದ್ದರೆ ಏನಂತೆ, ನೀರಿಗಂತೂ ಬರಲೇಬೇಕು' ಎಂದು ಹೊಂಡದ ಬಳಿಯೇ ತನ್ನ ಅಂಗಡಿ ಹೂಡಿದ. ಹಿಂದೆ ಹಲಗೆ, ಎಡಕ್ಕೆ ಹಲಗೆ, ಬಲಕ್ಕೆ ಹಲಗೆ. ಚಿತ್ರಗಳಿಗೆ ಹೊಸ ಬಣ್ಣ ಬಳಿದು ನಡುವೆ ಠೀವಿಯಿಂದ ಕೂತ. ಮರಿಗಳು ಬಂದವು, ನೀರು ಕುಡಿದವು, ಅವನ ಕಡೆ ಮುಖವನ್ನೂ ತಿರುಗಿಸದೆ ಹೋದವು. ಮರದ ಮೇಲಿದ್ದ ಜೋಕನೂ ಅತ್ತ ಕಣ್ಣು ಹಾಯಿಸಲಿಲ್ಲ. ಗಿಲಕಿಯ ಗುಂಪು ಎಲ್ಲರಿಗೂ ಅವನ ಬಾಯಿಂದ ಜಾರಿದ ಆ ಮಾತನ್ನು ಹೇಳಿಬಿಟ್ಟಿತ್ತು.

ಒಂದು ಮಧ್ಯಾಹ್ನ ಬಿಸಿಲು ಉರಿಯುತ್ತಿತ್ತು. ಗಿಲಕಿಯ ಅವ್ವ ನೀರಿಗೆ ತಲೆ ತಗ್ಗಿಸಿದ್ದಳು. ದೂರದ ಒಣಹುಲ್ಲು ಅಲುಗಿತು. ಜೋಕ ಎದ್ದು ನಿಂತು ಉಸಿರೆಳೆದುಕೊಂಡ.

"ಖೊಕ್! ಖೊಕ್! ಖೊಕ್!"

ಕಾಡೇ ನಡುಗಿತು. ಅವ್ವ ಒಂದೇ ನೆಗೆತಕ್ಕೆ ದಡ ದಾಟಿದಳು. ಮೊಲಗಳು ಮಾಯವಾದವು. ಹೊಂಡದ ಸುತ್ತ ಕಿರುಬಯ್ಯನ ಹೊರತು ಒಂದು ಜೀವವೂ ಉಳಿಯಲಿಲ್ಲ. ಕೂಗು ಕಿರುಬಯ್ಯನಿಗೂ ಕೇಳಿಸಿತು. ಆದರೆ ಹುಲಿ ಯಾವ ಕಡೆಯಿಂದ ಬರುತ್ತಿದೆ? ಮೂರು ಕಡೆ ಹಲಗೆ! ಅವನಿಗೆ ಕಂಡದ್ದು ಹಲಗೆಯ ಮೇಲೆ ಬೀಡಿ ಸೇದುವ ಮೊಲ ಮಾತ್ರ. ಗಾಬರಿಯಲ್ಲಿ ಹೊರಗೆ ಓಡಿದವನು ನೇರವಾಗಿ ಹುಲಿಯ ಎದುರಿಗೇ ಬಂದ. ಹುಲಿ ಒಂದು ಏಟು ಕೊಟ್ಟಿತು. ಕಿರುಬಯ್ಯ ತನ್ನ ಹಲಗೆಗಳ ಮೇಲೆಯೇ ಹೋಗಿ ಬಿದ್ದ. ಹಲಗೆಗಳು ಪುಡಿಪುಡಿಯಾದವು. ಬಾಲವನ್ನು ಹುಲಿಯ ಪಂಜದಲ್ಲಿ ಬಿಟ್ಟು, ಕುಂಟುತ್ತ ಗುಡ್ಡ ಹತ್ತಿದವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ.

ಹುಲಿ ಹೋದ ಮೇಲೆ ಗಿಲಕಿಯ ಅವ್ವ ಹೊನ್ನೆಮರದ ಕೆಳಗೆ ಬಂದು ನಿಂತಳು. "ನನ್ನ ಜೀವ ಉಳಿಸಿದೆ ಮಗನೇ. ನೂರು ಕಾಲ ಬಾಳು," ಎಂದಳು.

ಜೋಕ ಕೊಂಬೆಯಿಂದ ಇಳಿದು ಬಂದ. "ಆ ಮಾತನ್ನ ನಿನ್ನ ಮಗಳಿಗೆ ಹೇಳವ್ವ. ನನ್ನನ್ನ ಬೈದವರು ಬೇಕಾದಷ್ಟು ಮಂದಿ. ಹಲಗೆ ಇಳಿಸಿದವಳು ಇವಳು."

"ನಾನೊಬ್ಬಳೇ ಅಲ್ಲ," ಎಂದಳು ಗಿಲಕಿ. "ನಾವೆಲ್ಲ ಸೇರಿ ಇಳಿಸಿದ್ದು."

ನೀತಿ: ಮಕ್ಕಳ ಕಣ್ಣಿಗೆ ದಿನವೂ ಬೀಳುವುದೇ ಅವರ ಕೈಗೂ ಬರುತ್ತದೆ. ದಾರಿ ತಪ್ಪಿದ ಮಕ್ಕಳನ್ನು ಬೈಯುವುದಕ್ಕಿಂತ, ಅವರ ದಾರಿಯಲ್ಲಿ ತೂಗುಹಾಕಿದ ಕೆಟ್ಟ ಆಸೆಯನ್ನು ಎಲ್ಲರೂ ಸೇರಿ ಇಳಿಸಬೇಕು.